ಪೆಟ್ಟಿಗೆಯ ಏಳು ಗಂಟು

ಸಾಬೂನಿನಿಂದ ಶುರು ಮಾಡುವುದೆಂದು ಅವನು ತೀರ್ಮಾನಿಸಿದ. ಬಚ್ಚಲಿನ ಗೂಡಿನಲ್ಲಿದ್ದ ತುಂಡನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಸಾಬೂನನ್ನು ಹೆಂಡತಿ ದಾರದಿಂದ ಕೊಯ್ದು ಮೂರು ಮಾಡುತ್ತಾಳೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸವೆದು ತೆಳ್ಳಗಾದ ಹಳೇ ತುಂಡನ್ನು ಹೊಸದರ ಬೆನ್ನಿಗೆ ಒತ್ತಿ ಅಂಟಿಸುತ್ತಾಳೆಂಬುದನ್ನು ಇವತ್ತೇ ಕಂಡ. ಅಂದರೆ ಮದುವೆಯಾದಾಗಿನಿಂದ ಈ ಮನೆಯಲ್ಲಿ ಸಾಬೂನು ಮುಗಿದದ್ದೇ ಇಲ್ಲ, ಮೊದಲ ವರ್ಷದ ಸಾಬೂನಿನ ಒಂದು ಚೂರು ಇನ್ನೂ ಇದರೊಳಗೆಲ್ಲೋ ಇರಬೇಕು ಎಂದುಕೊಂಡಾಗ ಅವನಿಗೆ ತನ್ನಷ್ಟಕ್ಕೇ ನಗು ಬಂತು. ತಿಂಗಳಿಗೊಂದು ಸಾಬೂನು ಉಳಿಯಿತೆಂದೇ ಇಟ್ಟುಕೊಂಡರೂ ವರ್ಷಕ್ಕೆ ಹನ್ನೆರಡು, ಹತ್ತೊಂಬತ್ತು ವರ್ಷಕ್ಕೆ ಇನ್ನೂರ ಇಪ್ಪತ್ತೆಂಟು. ಅಷ್ಟೂ ಸಾಬೂನಿನ ಬೆಲೆ ಕೂಡಿಸಿದರೂ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದ ಏಳು ದುಡ್ಡಿನ ಗಂಟುಗಳಲ್ಲಿ ಒಂದೂ ತುಂಬುತ್ತಿರಲಿಲ್ಲ. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ತುಂಡನ್ನು ಇದ್ದ ಹಾಗೇ ಇಟ್ಟು, ಕೈ ತೊಳೆದುಕೊಂಡು, ಅಡುಗೆಮನೆಗೆ ಹೋದ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ತನ್ನ ಮನೆಯ ಅಡುಗೆಮನೆ ಹೇಗಿರುತ್ತದೆಂದು ಅವನಿಗೆ ತಿಳಿದದ್ದೇ ಈ ಎರಡು ತಿಂಗಳಲ್ಲಿ. ಗುಜರಿ ಯಾರ್ಡಿಗೆ ಬರುವ ಲಾರಿಗಳು ಕಡಿಮೆಯಾದ ಮೇಲೆ ಅವುಗಳನ್ನು ತೂಗುವ ವೇಬ್ರಿಡ್ಜಿನ ಕೆಲಸವನ್ನು ಇಬ್ಬರಿಗೆ ಹಂಚಿದ್ದರು: ವಾರದ ಮೊದಲ ಮೂರು ದಿನ ಇವನಿಗೆ, ಕೊನೆಯ ಮೂರು ದಿನ ಇವನ ಜೊತೆಗಾರನಿಗೆ. ಸಂಬಳವೂ ಅರ್ಧ. ಇದು ರಜೆಯಲ್ಲ, ಕೆಲಸವೂ ಅಲ್ಲ. ಹೆಂಡತಿ ಎಂಟಕ್ಕೇ ಬಟ್ಟೆ ರಿಪೇರಿ ಅಂಗಡಿಗೆ ಹೋಗಿ ಗುಂಡಿ ಹೊಲಿಯುತ್ತಾಳೆ, ಅಂಚು ಮಡಿಸುತ್ತಾಳೆ, ಜಿಪ್ಪು ಬದಲಿಸುತ್ತಾಳೆ. ಮಗಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಾಳೆ. ಅವಳ ಮುಂದಿನ ಕಂತಿನ ಫೀಜಿಗೆ ಇನ್ನು ಐದು ವಾರವಿದೆ. ಮನೆಯಲ್ಲಿ ಉಳಿಯುವವನು ಅವನೊಬ್ಬನೇ. ಹಗಲು ಹೊತ್ತಿನಲ್ಲಿ ಗೋಡೆಯ ಬಿರುಕು, ನಲ್ಲಿಯ ತೊಟ್ಟು, ಪಾತ್ರೆಗಳ ತಳದ ಮಸಿ ಎಲ್ಲವೂ ಅವನನ್ನು ಯಾರೀತ ಎಂಬಂತೆ ನೋಡುತ್ತಿದ್ದವು. ಎಣ್ಣೆ ಡಬ್ಬದ ಮುಚ್ಚಳಕ್ಕೆ ಅವಳು ಸೂಜಿಯಲ್ಲಿ ಒಂದೇ ತೂತು ಮಾಡಿದ್ದಳು. ಟೀಪುಡಿಯ ಚಮಚವನ್ನು ಅರ್ಧಕ್ಕೆ ಮುರಿದಿದ್ದಳು, ತುಂಬಿಸಿ ಹಾಕಿದರೂ ಅರ್ಧವೇ ಬೀಳಲಿ ಎಂದು. ಇದನ್ನು ಯಾವಾಗ ಮುರಿದಳು? ಟೀ ತೆಳ್ಳಗಾದದ್ದು ತನ್ನ ನಾಲಿಗೆಗೆ ಯಾಕೆ ತಿಳಿಯಲಿಲ್ಲ? ಅವನು ಮುರಿದ ಚಮಚವನ್ನು ಹಿಂದೆ ಮುಂದೆ ತಿರುಗಿಸಿ, ಮುರಿದ ಅಂಚನ್ನು ಅವಳು ಕಲ್ಲಿಗೆ ಉಜ್ಜಿ ನಯ ಮಾಡಿರುವುದನ್ನು ಬೆರಳಿನಿಂದ ಮುಟ್ಟಿ ನೋಡಿದ.

ಹೋದ ಗುರುವಾರ ಅವನು ಹುಡುಕಲು ಹೊರಟದ್ದು ಫ್ಯಾನಿಗೊಂದು ತಿರುಪನ್ನು, ಅಷ್ಟೇ. ಮಂಚದ ಕೆಳಗಿನ ಪೆಟ್ಟಿಗೆಗೆ ಬೀಗ ಇರಲಿಲ್ಲ. ಬೀಗ ಹಾಕಿದ್ದರೆ ತೆಗೆಯುತ್ತಲೇ ಇರಲಿಲ್ಲವೇನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ. ಕಂಬಳಿಗಳ ಅಡಿಯಲ್ಲಿ ಕರವಸ್ತ್ರದಷ್ಟು ಅಗಲದ ಬಟ್ಟೆಯ ಗಂಟುಗಳು, ಏಳು, ಸಾಲಾಗಿ ಕೂತಿದ್ದವು. ಒಂದೊಂದು ಗಂಟಿನ ಹೊರಗೆ ಒಂದೊಂದು ಬಗೆಯ ಗುಂಡಿ ಹೊಲಿದಿತ್ತು: ಹಳದಿ, ಬಿಳಿ, ಮಗುವಿನ ಅಂಗಿಯ ಹೂವಿನಾಕಾರದ್ದು, ಲೋಹದ್ದು. ಒಂದನ್ನು ಒತ್ತಿ ನೋಡಿದಾಗ ಒಳಗಿದ್ದದ್ದು ನೋಟು ಎಂದು ಬೆರಳಿಗೆ ತಟ್ಟನೆ ತಿಳಿಯಿತು. ಅವಳ ಜಾಣತನ ಕಂಡು ಬೆರಗಾಯಿತು. ಬಾಡಿಗೆಗೊಂದು, ಫೀಜಿಗೊಂದು, ಔಷಧಿಗೊಂದು ಎಂದು ಗುಂಡಿಯಲ್ಲೇ ಗುರುತು ಮಾಡಿಟ್ಟಿದ್ದಾಳೆ ಎಂದುಕೊಂಡ. ಬೆರಗಿನ ಬೆನ್ನಿಗೇ ಅವಮಾನವೂ ಬಂತು. ಹಿಂದಿನ ದಿನ ತಾನೇ ಕ್ಷೌರಕ್ಕೆ ದುಡ್ಡು ಕೇಳಿದಾಗ ಒಂದನೇ ತಾರೀಖು ಆಗಲಿ ಅಂದಿದ್ದಳು, ಅವನು ಕತ್ತಿನ ಹಿಂದೆ ಬೆಳೆದ ಕೂದಲನ್ನು ಕಾಲರಿನೊಳಗೆ ತುರುಕಿಕೊಂಡು ಕೆಲಸಕ್ಕೆ ಹೋಗಿದ್ದ. ಕೊನೆಯ ಗಂಟಿನ ಮೇಲೆ ನಾಲ್ಕು ತೂತಿನ ಕಂದು ಗುಂಡಿಯಿತ್ತು. ಅದನ್ನು ಅವನು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲ. ಯಾರ್ಡಿನವರು ಕೊಟ್ಟ ನೀಲಿ ಕೋಟಿನ ಗುಂಡಿ ಅದು. ಎರಡು ವರ್ಷದ ಹಿಂದೆ ಅವನ ಕೋಟಿನದು ಒಂದು ಉದುರಿ, ಅವಳು ಆ ಜಾಗಕ್ಕೆ ಕರೀ ಗುಂಡಿ ಹಾಕಿದ್ದಳು. ಹಾಗಾದರೆ ಇದು ನನ್ನ ಪಾಲು, ನನಗೆಂದು ಎತ್ತಿಟ್ಟಿದ್ದಾಳೆ ಎಂದು ಮನಸ್ಸು ಕ್ಷಣದಲ್ಲಿ ತೀರ್ಪು ಕೊಟ್ಟುಬಿಟ್ಟಿತು. ಬಿಚ್ಚಿ ಎಣಿಸಿದ. ಹನ್ನೊಂದು ಸಾವಿರದ ನಾನೂರು.

ಆ ವಾರ ಅವನಿಗೆ ಬೇಕಾಗಿದ್ದದ್ದು ಹತ್ತು ಸಾವಿರ. ಬುಧವಾರ ಗುಮಾಸ್ತ ತೂಕದ ಕೋಣೆಯ ಬಾಗಿಲಿಗೆ ಒರಗಿ ನಿಂತು, ಕಡ್ಡಿಯಿಂದ ಹಲ್ಲು ಕೆದಕುತ್ತ, ಯಾರೋ ಮೂರನೆಯವರ ಸುದ್ದಿ ಹೇಳುವವನಂತೆ ಹೇಳಿದ್ದ: "ಇಬ್ಬರಲ್ಲಿ ಒಬ್ರು ಸಾಕಂತೆ. ಮುಂದಿನ ಗುರುವಾರ ಉಳಿಯೋರ ಪಟ್ಟಿ ಹಾಕ್ತಾರೆ. ಸರ್ವಿಸ್ ನೋಡಿದ್ರೆ ಅವನದ್ದೇ ಎರಡು ವರ್ಷ ಜಾಸ್ತಿ. ಆದ್ರೆ ಸರ್ವಿಸ್ ಒಂದೇ ನೋಡ್ಬೇಕು ಅಂತ ಎಲ್ಲೂ ಬರೆದಿಲ್ವಲ್ಲ." ಎಷ್ಟು ಎಂದು ಇವನು ಕೇಳಲಿಲ್ಲ, ಕೇಳದೆಯೇ ಗುಮಾಸ್ತ ಹತ್ತೂ ಬೆರಳನ್ನು ಬಿಡಿಸಿ ತೋರಿಸಿ, ಆಮೇಲೆ ಆ ಕೈಗಳನ್ನೇ ಉಜ್ಜಿಕೊಂಡು ಚಳಿ ಅಂದ. ಗುರುವಾರ ಸಂಜೆ ಅವನು ಗುಮಾಸ್ತನ ಕೈ ಬೆಚ್ಚಗೆ ಮಾಡಿ ಬಂದ. ಉಳಿದ ಸಾವಿರದ ನಾನೂರು ಇನ್ನೂ ಅವನ ಕೋಟಿನ ಒಳಜೇಬಿನಲ್ಲೇ ಇತ್ತು; ಅದರಲ್ಲಿ ಕ್ಷೌರ ಮಾಡಿಸಿಕೊಳ್ಳಲು ಎರಡು ಸಲ ಹೊರಟು ಎರಡು ಸಲವೂ ಬಾಗಿಲಿನಿಂದ ವಾಪಸಾಗಿದ್ದ. ಗಂಟು ಸೊರಗಿ ಕಾಣಬಾರದೆಂದು ಹಳೇ ತೂಕದ ಚೀಟಿಗಳನ್ನು ನೋಟಿನ ಅಳತೆಗೆ ಕತ್ತರಿಸಿ ತುಂಬಿ, ಮೊದಲಿನಂತೆಯೇ ಕಟ್ಟಿ ಅಲ್ಲೇ ಇಟ್ಟಿದ್ದ.

ಜೊತೆಗಾರನನ್ನು ಯಾರ್ಡಿನಲ್ಲಿ ಎಲ್ಲರೂ ಕರೆಯುವುದು ಗ್ರಾಂ ಎಂದೇ. ಹತ್ತು ಕಿಲೋಗಿಂತ ಕಡಿಮೆಯದನ್ನು ತೋರಿಸದ ಯಂತ್ರದ ಮುಂದೆ ಕೂತುಕೊಂಡು, ಲಾರಿಯ ಚಕ್ರಕ್ಕೆ ಮೆತ್ತಿದ ಕೆಸರು ಎಷ್ಟು ಗ್ರಾಂ ಇರಬಹುದೆಂದು ತಲೆ ಕೆಡಿಸಿಕೊಳ್ಳುವ ಮನುಷ್ಯ. ಇವನಿಗೆ ಕೆಲಸ ಕಲಿಸಿದವನೇ ಆತ. "ತುಂಬಿದ ಲಾರಿ ಯಾರು ಬೇಕಾದ್ರೂ ತೂಗ್ತಾರೆ ಕಣಯ್ಯಾ, ಖಾಲಿ ಲಾರಿ ತೂಗೋದೇ ಕಷ್ಟ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. ಸರಕಿನ ತೂಕ ಯಾವತ್ತೂ ನೇರವಾಗಿ ಸಿಗುವುದಿಲ್ಲ. ತುಂಬಿದ್ದು, ಖಾಲಿಯಾದದ್ದು, ಎರಡನ್ನೂ ತೂಗಿ ಕಳೆಯಬೇಕು. ಮೋಸವೆಲ್ಲ ಇರುವುದು ಖಾಲಿಯ ಕಡೆಯೇ. ತುಂಬಿದಾಗ ಸೀಟಿನಲ್ಲಿ ಕೂತಿದ್ದ ಡ್ರೈವರ್ ಖಾಲಿಯಾದಾಗ ಮೆಲ್ಲಗೆ ಇಳಿದು ಬೀಡಿ ಹಚ್ಚುತ್ತಾನೆ, ಅವನ ಮೈಯ ತೂಕಕ್ಕೂ ಯಾರ್ಡು ಕಬ್ಬಿಣದ ಬೆಲೆ ಕೊಡುತ್ತದೆ. ಈ ವಿದ್ಯೆಯನ್ನೇ ಅವನು ಈಗ ಮನೆಯ ಮೇಲೆ ಪ್ರಯೋಗಿಸುತ್ತಿದ್ದ. ಬಂದದ್ದೆಷ್ಟು ಗೊತ್ತು, ಖರ್ಚಾದದ್ದು ಹೆಚ್ಚುಕಡಿಮೆ ಗೊತ್ತು, ಕಳೆದರೆ ಉಳಿಯುವುದು ಸೊನ್ನೆ, ಕೆಲವು ತಿಂಗಳು ಸೊನ್ನೆಗಿಂತಲೂ ಕೆಳಗೆ. ಆದರೆ ಪೆಟ್ಟಿಗೆಯಲ್ಲಿ ಏಳು ಗಂಟು. ಒಮ್ಮೆ ಲಾರಿಯಿಲ್ಲದ ಹೊತ್ತಿನಲ್ಲಿ ಅವನೂ ಗ್ರಾಂನೂ ಸರದಿಯಂತೆ ವೇಬ್ರಿಡ್ಜಿನ ಮೇಲೆ ನಿಂತು ತೂಗಿಕೊಂಡಿದ್ದರು. ಇವನದು ಎಪ್ಪತ್ತು ಕಿಲೋ ಬಂದಿತ್ತು. ಹೋದ ವಾರ ಮತ್ತೆ ನಿಂತಾಗ ಅರವತ್ತು. ಆ ಹತ್ತು ಕಿಲೋ ಎಲ್ಲಿಗೆ ಹೋಯಿತು, ಅದನ್ನೂ ಅವಳೇ ಉಳಿಸಿ ಗಂಟು ಕಟ್ಟಿದಳೇ ಎಂಬ ಹುಚ್ಚು ಯೋಚನೆ ಅವನ ತಲೆಯಲ್ಲಿ ಎರಡು ದಿನ ಸುತ್ತಿತ್ತು. ಆ ಸಲ ತೂಗಿಕೊಂಡಾಗ ಗ್ರಾಂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು, ಮಗಳ ಮೊದಲ ಕಂತಿಗೆ ಸಾಲದೇ ಬಂದಾಗ ಕೇಳುವ ಮೊದಲೇ ಜೇಬಿನಲ್ಲಿದ್ದದ್ದನ್ನೆಲ್ಲ ತೆಗೆದು ಕೈಯಲ್ಲಿಟ್ಟದ್ದು ನೆನಪಾಯಿತು. ಗ್ರಾಂನ ಮುಖ ಹೀಗೆ ಕಣ್ಣೆದುರು ಬಂದಾಗಲೆಲ್ಲ ಅವನು ಬೇಗ ಬೇಗ ಸಾಬೂನಿನ ಕಡೆಗೆ, ಎಣ್ಣೆಯ ಕಡೆಗೆ ತಿರುಗಿಬಿಡುತ್ತಿದ್ದ. ತನ್ನ ಕುತೂಹಲ ಯಾವುದರಿಂದ ತಪ್ಪಿಸಿಕೊಂಡು ಓಡಿಬಂದದ್ದೆಂದು ಅವನಿಗೆ ತಿಳಿಯದೇ ಇರಲಿಲ್ಲ, ಆದರೂ ಅದು ಸುಳ್ಳು ಕುತೂಹಲವಾಗಿರಲಿಲ್ಲ. ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಮಲಗಿದವಳು ಹೇಗೆ ಬದುಕುತ್ತಾಳೆಂದು ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು.

ಮಧ್ಯಾಹ್ನ ಊಟ ಮುಗಿಸಿ, ಅವಳು ಸಾಮಾನು ತರುವ ಅಂಗಡಿಗೆ ಹೋದ. ಓಣಿಯ ತುದಿಯಲ್ಲಿರುವ ಆ ಅಂಗಡಿಯ ಮುಂದೆ ದಿನವೂ ಓಡಾಡುತ್ತಿದ್ದನೇ ಹೊರತು ಮೆಟ್ಟಿಲು ಹತ್ತಿದವನಲ್ಲ. ಅಂಗಡಿಯಾಕೆ ದಪ್ಪ ಕನ್ನಡಕದ ಮೇಲಿನಿಂದ ನೋಡಿ, "ಏನು ಬೇಕಿತ್ತು?" ಎಂದಳು.

"ಸಾಬೂನು. ನಮ್ಮನೇಲಿ ಯಾವಾಗ್ಲೂ ತಗೊಂಡು ಹೋಗೋದು."

"ನಿಮ್ಮನೆ ಅಂದ್ರೆ?"

ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಇದೇ ಓಣಿಯಲ್ಲಿ ಹತ್ತೊಂಬತ್ತು ವರ್ಷ. "ಬಟ್ಟೆ ರಿಪೇರಿ ಅಂಗಡೀಲಿ ಕೆಲಸ ಮಾಡ್ತಾಳಲ್ಲ..." ಎಂದು ತೊದಲಿದ.

"ಓಹೋ, ಅಕ್ಕನ ಯಜಮಾನ್ರಾ! ಗೊತ್ತಾಗ್ಲೇ ಇಲ್ಲ ನೋಡಿ." ಆಕೆಯ ಮುಖವೆಲ್ಲ ಅರಳಿತು. ಡಬ್ಬದಿಂದ ಎರಡು ಬಿಸ್ಕತ್ತು ತೆಗೆದು ಕಾಗದದ ಮೇಲಿಟ್ಟು ಅವನ ಮುಂದೆ ಸರಿಸಿದಳು. "ತಗೊಳ್ಳಿ, ದುಡ್ಡೇನು ಬೇಡ. ನಿಮ್ಮ ಹೆಸರು ಹೇಳ್ಕೊಂಡೇ ನಾವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡ್ತೀವಿ."

ಅವನಿಗೆ ಅರ್ಥವಾಗಲಿಲ್ಲ. ಬಿಸ್ಕತ್ತನ್ನು ಮುರಿಯುತ್ತ, ತಾನು ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದನ್ನೇ ಕೇಳಿದ. "ಅವಳು ಸಾಮಾನಲ್ಲಿ ತುಂಬಾ ಉಳಿಸ್ತಾಳೆ, ಅಲ್ವಾ?"

"ಉಳಿಸೋದಾ? ಏನು ಉಳಿಸ್ತಾಳೆ ಪಾಪ, ಒಂದನೇ ತಾರೀಖಿಗೆ ಹಳೇದು ತೀರಿಸಿ ಹೊಸದು ಬರೆಸ್ತಾಳೆ, ಅಷ್ಟರಲ್ಲೇ ಇದೆ ಅವಳ ಬಾಳು. ನಾವು ಉಳಿಸ್ತೀವಿ, ಅವಳು ಕಾಯ್ತಾಳೆ." ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಹಳದಿ ಗುಂಡೀದು ನಂದೇ. ಇಲ್ಲಿಟ್ಕೊಂಡ್ರೆ ಸರಕಿಗೆ ಹೋಗುತ್ತೆ, ಮನೇಲಿಟ್ರೆ ಮಗ ಮೂಸಿ ನೋಡಿ ಕಂಡುಹಿಡೀತಾನೆ. ಬ್ಯಾಂಕಿಗೆ ಹಾಕಿದ್ರೆ ಪುಸ್ತಕ ಬರುತ್ತೆ, ಪುಸ್ತಕ ಬಂದ್ರೆ ಮನೇಲಿ ಗೊತ್ತಾಗುತ್ತೆ. ಅದಕ್ಕೇ ಆರು ಜನ ನಿಮ್ಮನೆ ಪೆಟ್ಟಿಗೇಲಿಟ್ಟಿದೀವಿ. ಅಕ್ಕಂದೂ ಸಣ್ಣದೊಂದು ಇರ್ಬೇಕು. ಯಾಕೆ, ನಿಮಗೆ ಹೇಳಿಲ್ವಾ?"

"ಗೊತ್ತು, ಗೊತ್ತು" ಎಂದ ಅವನು. ಬಿಸ್ಕತ್ತು ಬಾಯಲ್ಲಿ ಹಿಟ್ಟಾಗಿ ಅಂಗುಳಿಗೆ ಅಂಟಿಕೊಂಡಿತು.

"ಗೊತ್ತಿಲ್ದೇ ಇರುತ್ತಾ! ಗೊತ್ತಿದ್ರೂ ಕೈ ಇಟ್ಟು ನೋಡಲ್ಲ ನೋಡಿ, ಅದು ದೊಡ್ಡಸ್ತಿಕೆ. ನಮ್ಮ ಗಂಡಂದಿರೇನು ಕಳ್ಳರಲ್ಲ, ಆದ್ರೆ ಕೈಗೆ ಸಿಕ್ಕಿದ್ರೆ ಎಲ್ಲಿಗಾದ್ರೂ ಬೇಕಾಗೇ ಬೇಕಾಗುತ್ತೆ. ಓಣೀಲಿ ಹುಡುಕಿ ಹುಡುಕಿ ನಿಮ್ಮನೇನೇ ಯಾಕೆ ಆರಿಸಿದ್ವಿ ಅಂದ್ಕೊಂಡ್ರಿ? ಅಕ್ಕನ ಮನೆಯವರಿಗೆ ತಮ್ಮ ಕೋಟು ಎಲ್ಲಿದೆ ಅನ್ನೋದೇ ಗೊತ್ತಿರಲ್ಲ, ಪೆಟ್ಟಿಗೆ ಕಡೆ ಎಲ್ಲಿ ತಿರುಗ್ತಾರೆ, ಅಂತ." ಆಕೆ ಬಾಯಿ ತುಂಬ ನಕ್ಕಳು.

ಹೋಗಲೇಬೇಕಾದ ಕಡೆಗೆ ನಾಲಿಗೆ ತಾನಾಗಿಯೇ ಹೋಯಿತು. "ಆ ಕಂದು ಗುಂಡೀದು ಯಾರದು?"

"ಅದು ಮಾತ್ರ ಕೇಳ್ಬೇಡಿ. ನಾವೇ ಒಬ್ರದ್ದನ್ನ ಒಬ್ರು ಕೇಳಲ್ಲ" ಎಂದು ಆಕೆ ಸಾಬೂನನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅವನು ದುಡ್ಡು ಕೊಡಲೆಂದು ಕೋಟಿನ ಒಳಜೇಬಿಗೆ ಕೈ ಹಾಕಿದವನು, ಬೆರಳಿಗೆ ಆ ನೋಟುಗಳು ತಾಗಿದ ಕೂಡಲೇ ಹಿಂದೆಗೆದು, ಬರೆದುಕೊಳ್ಳಿ ಎಂದ.

ದಾರಿಯಲ್ಲಿ ಅವನು ಓಣಿಯ ಬಾಗಿಲುಗಳನ್ನು ಒಂದೊಂದಾಗಿ ನೋಡಿಕೊಂಡು ನಡೆದ. ಹೂವಿನಾಕಾರದ್ದು ಆ ಹಸಿರು ಬಾಗಿಲಿನವಳದೇ? ಅವಳ ಮಗು ಹೋದ ವರ್ಷ ತೀರಿಕೊಂಡಿತ್ತು. ಲೋಹದ್ದು ಬಸ್ ಡ್ರೈವರನ ಹೆಂಡತಿಯದಿರಬೇಕು, ಅವನ ಯೂನಿಫಾರಮ್ಮಿನದು. ಹಾಗಾದರೆ ಪ್ರತಿಯೊಬ್ಬಳೂ ತನ್ನ ಮನೆಯ ಯಾವುದೋ ಬಟ್ಟೆಯ ಗುಂಡಿ ಕೊಟ್ಟಿದ್ದಾಳೆ. ಬರಹವಿಲ್ಲ, ಹೆಸರಿಲ್ಲ, ತಪ್ಪಿಹೋಗುವ ಮಾತೇ ಇಲ್ಲ. ಎಂಥ ಅಚ್ಚುಕಟ್ಟು ಎಂದು ಅವನ ಮನಸ್ಸು ಮೆಚ್ಚಿಕೊಳ್ಳುತ್ತಿರುವಾಗಲೇ ಕಾಲುಗಳು ನಿಂತುಬಿಟ್ಟವು. ಯಾರ್ಡಿನ ತೂಕದ ಕೋಣೆಯವರಿಗೆಂದು ಹೊಲಿಸಿದ ಆ ನೀಲಿ ಕೋಟು ಈ ಊರಿನಲ್ಲಿ ಇರುವುದೇ ಎರಡು. ಒಂದು ಅವನ ಮೈ ಮೇಲಿತ್ತು. ಅವನ ಕೋಟಿನಿಂದ ಉದುರಿದ ಗುಂಡಿ ಲಾರಿಗಳ ಚಕ್ರದಡಿ ಪುಡಿಯಾದದ್ದನ್ನು ಅವನೇ ಕಣ್ಣಾರೆ ಕಂಡಿದ್ದ. ಕಂಡದ್ದು ಹೋದ ಗುರುವಾರ ಪೆಟ್ಟಿಗೆಯ ಮುಂದೆ ಕೂತಾಗ ಯಾಕೆ ನೆನಪಾಗಲಿಲ್ಲ? ನೆನಪಾಗಿತ್ತೇ? ನೆನಪಾಗಿ, ಹತ್ತು ಸಾವಿರ ಬೇಕಿದ್ದವನು ಅದನ್ನು ಮೆಲ್ಲಗೆ ಬದಿಗೆ ಸರಿಸಿದನೇ? ಬಿಸಿಲಿನಲ್ಲಿ ನಿಂತು ಎಷ್ಟು ಕೆದಕಿದರೂ ಅದೊಂದು ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಗ್ರಾಂನ ಕೆಲಸ ಕಿತ್ತುಕೊಳ್ಳಲು ಅವನು ಕೊಟ್ಟದ್ದು ಗ್ರಾಂನ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ದುಡ್ಡು. ಅವನಿಗೆ ಅಸಹ್ಯವಾಯಿತು. ತನ್ನ ಮೇಲೆ ತನಗೇ ಇಷ್ಟು ಅಸಹ್ಯವಾಗುವುದು ಸಾಧ್ಯ ಎಂದು ಅವನು ಎಣಿಸಿಯೇ ಇರಲಿಲ್ಲ.

ಪಟ್ಟಿ ಇವತ್ತು. ಓಡಿದರೆ ಗುಮಾಸ್ತನನ್ನು ಹಿಡಿಯಬಹುದೇ ಎಂದುಕೊಂಡ, ಓಡಲಿಲ್ಲ. ಮನೆಗೆ ಬಂದು ಮಂಚದ ಅಂಚಿನಲ್ಲಿ ಕೂತ. ಕೂತ ಜಾಗದ ಕೆಳಗೇ ಪೆಟ್ಟಿಗೆ. ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ತುಂಬಿಸಿಬಿಟ್ಟರೆ? ಹೆಂಗಸರು ಗಂಟು ಬಿಚ್ಚುವುದು ಯಾವಾಗಲೋ. ಕೆಲಸ ಉಳಿದರೆ ಒಂದು ವರ್ಷದಲ್ಲಿ ತುಂಬಿಸಬಹುದು, ಯಾರಿಗೂ ತಿಳಿಯುವುದಿಲ್ಲ, ಗ್ರಾಂನ ದುಡ್ಡಿನಿಂದ ಉಳಿದ ಕೆಲಸದ ಸಂಬಳದಲ್ಲಿ ಗ್ರಾಂನ ದುಡ್ಡು. ಯೋಚನೆ ಇಷ್ಟು ಸಲೀಸಾಗಿ ಓಡಿದ್ದು ಕಂಡು ಅವನಿಗೇ ಭಯವಾಯಿತು. ಐದು ಗಂಟೆಗೆ ಹೆಂಡತಿ ಬಂದು, ಚಪ್ಪಲಿ ಬಿಟ್ಟು, ಕಿಟಕಿಯ ಮೇಲಿದ್ದ ಸಾಬೂನಿನ ಪೊಟ್ಟಣ ನೋಡಿ, "ಇದ್ಯಾರು ತಂದಿದ್ದು? ಇನ್ನೂ ಇತ್ತಲ್ರೀ" ಎಂದಳು. ಅವಳ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಅದನ್ನೂ ಅವನು ಇವತ್ತೇ ಗಮನಿಸಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ನೆರಳು ಬಿತ್ತು.

ಗ್ರಾಂನ ಹೆಂಡತಿ ಒಳಗೆ ಬಂದು ಗೋಡೆಗೆ ಒರಗಿ ನೆಲದ ಮೇಲೇ ಕೂತಳು. ಸಣ್ಣ ಆಳು, ನಡೆದು ಬಂದ ದಣಿವಿನಲ್ಲಿ ಇನ್ನೂ ಸಣ್ಣಗೆ ಕಾಣುತ್ತಿದ್ದಳು. "ಪಟ್ಟಿ ಹಾಕಿದ್ರಂತೆ ಅಕ್ಕ" ಎಂದಳು. "ಇವರ ಹೆಸರಿಲ್ಲ. ಮಧ್ಯಾಹ್ನಾನೇ ಬಂದು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾರೆ, ಎದ್ದಿಲ್ಲ." ಆಮೇಲೆ ಅವನ ಕಡೆ ತಿರುಗಿ, ನಿಜವಾದ ಪ್ರೀತಿಯಿಂದಲೇ, "ನಿಮ್ದು ಉಳೀತಲ್ಲ ಅಣ್ಣ, ಅದೇ ಸಂತೋಷ. ಅವರೂ ಅದನ್ನೇ ಅಂದ್ರು. ಮಗಳ ಓದಿದೆ ಅವನಿಗೆ, ಪರವಾಗಿಲ್ಲ ಬಿಡು ಅಂದ್ರು" ಎಂದಳು.

ಹೆಂಡತಿ ಅವನನ್ನು ನೋಡಿದಳು, ಅವಳನ್ನು ನೋಡಿದಳು. "ಟೀ ಮಾಡ್ಲಾ?"

"ಬೇಡ ಅಕ್ಕ. ನಂದು ಕೊಟ್ಬಿಡಿ. ಇವತ್ತು ಅವರ ಮುಂದೆ ಇಟ್ಟು ಹೇಳ್ತೀನಿ, ಇಷ್ಟು ದಿನ ಬಚ್ಚಿಟ್ಟಿದ್ದಕ್ಕೆ ಬೈದ್ರೂ ಬೈಸ್ಕೋತೀನಿ. ಮೊದ್ಲೇ ಹೇಳಿದ್ರೆ ಯಾರೋ ಕೇಳಿದ್ರು ಅಂತ ಎತ್ತಿ ಕೊಟ್ಟುಬಿಡೋರು, ಅವರ ಗುಣ ನಿಮಗೆ ಗೊತ್ತಲ್ಲ. ಹೊಸ ಕೆಲಸ ಸಿಗೋವರೆಗೂ ಸಾಕಾಗದೇ ಇದ್ರೂ, ಎದ್ದು ಕೂರೋಕಾದ್ರೂ ಸಾಕಾಗುತ್ತೆ."

ಅವನು ಮಂಚದಿಂದ ಎದ್ದು ನಿಂತ. ಅವನೇ ಎದ್ದು ಜಾಗ ಬಿಡದೆ ಹೆಂಡತಿಗೆ ಪೆಟ್ಟಿಗೆ ಎಳೆಯಲು ಆಗುತ್ತಿರಲಿಲ್ಲ. ಹೆಂಡತಿ ಕಂಬಳಿ ಸರಿಸಿ ಕಂದು ಗುಂಡಿಯ ಗಂಟನ್ನು ಎತ್ತಿದಳು. ಎತ್ತಿದ ಕೈ ಅಲ್ಲೇ ತಡೆಯಿತು. ಅವಳು ಕಟ್ಟುವುದು ಹೊಲಿಗೆಯವರ ಗಂಟು, ಎಳೆಯ ತುದಿ ಒಳಗೆ ಸೇರಿ ಕಾಣದಂಥದ್ದು. ಇದು ಲಾರಿಯ ಟಾರ್ಪಾಲಿಗೆ ಬಿಗಿಯುವ ಗಂಟು, ಎರಡು ಕಿವಿ ಹೊರಗಿತ್ತು. ಅವಳು ತಲೆ ಎತ್ತಿ ಗಂಡನ ಮುಖವನ್ನು ಓದಿದಳು. ಗಂಟನ್ನು ಆಕೆಯ ಮಡಿಲಿಗೆ ಹಾಕಲೂ ಇಲ್ಲ, ಹಿಂದಕ್ಕಿಡಲೂ ಇಲ್ಲ. ಕೈಯಲ್ಲೇ ಹಿಡಿದುಕೊಂಡು ಕಾದಳು.

"ಅದರಲ್ಲಿ ದುಡ್ಡಿಲ್ಲ" ಎಂದ ಅವನು. "ಬರೀ ತೂಕದ ಚೀಟಿ. ದುಡ್ಡು ನಾನು ತೆಗೆದೆ."

ಗ್ರಾಂನ ಹೆಂಡತಿಗೆ ಇದು ಕಿವಿಗೆ ಬಿದ್ದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಅವಳು ಸಿಟ್ಟಾಗಲಿಲ್ಲ. ಹೌಹಾರಿ, "ಯಾಕಣ್ಣ, ಏನಾದ್ರೂ ಕಾಯಿಲೆನಾ? ಮಗೂಗೆ ಏನಾದ್ರೂ ಆಯ್ತಾ?" ಎಂದು ಕೇಳಿದಳು. ಅವನ ಮುಂದೆ ಬಾಗಿಲು ಅಗಲವಾಗಿ ತೆರೆದುಕೊಂಡಿತು. ಹೌದು ಎಂದರೆ ಸಾಕು. ಕಾಯಿಲೆಯೆಂದರೆ ಇವಳು ನಂಬುತ್ತಾಳೆ, ಓಣಿಯೇ ನಂಬುತ್ತದೆ, ಬೇಕಾದರೆ ಉಳಿದವರೂ ತಮ್ಮ ಗಂಟು ಬಿಚ್ಚಿ ಕೊಟ್ಟಾರು. ಹೆಂಡತಿಯೊಬ್ಬಳು ನಂಬಲಿಕ್ಕಿಲ್ಲ, ಆದರೂ ಪರರ ಮುಂದೆ ಗಂಡನನ್ನು ಬಿಟ್ಟುಕೊಡುವವಳಲ್ಲ. ಎಂಥ ಸುಳ್ಳು ಹೇಳಿದರೆ ಎಷ್ಟು ದಿನ ಬಾಳುತ್ತದೆಂಬುದನ್ನೂ ಅವನು ಆ ಕ್ಷಣದಲ್ಲಿ ಆಸಕ್ತಿಯಿಂದಲೇ ಲೆಕ್ಕ ಹಾಕಿದ.

"ಗುಮಾಸ್ತನಿಗೆ ಕೊಟ್ಟೆ" ಎಂದ. "ಪಟ್ಟೀಲಿ ನನ್ನ ಹೆಸರು ಇರ್ಲಿ ಅಂತ. ಹೋಗ್ಬೇಕಾಗಿದ್ದಿದ್ದು ನಾನು. ಅವರದ್ದು ಎರಡು ವರ್ಷ ಜಾಸ್ತಿ ಸರ್ವಿಸ್ಸು. ನಿಮ್ಮ ಗಂಟು ಅಂತ ಗೊತ್ತಿರ್ಲಿಲ್ಲ." ಕೋಟಿನ ಗುಂಡಿ ಬಿಚ್ಚುತ್ತ, "ಗೊತ್ತಿದ್ರೂ ಏನು ಮಾಡ್ತಿದ್ನೋ, ನಂಗೊತ್ತಿಲ್ಲ" ಎಂದ. ಕೋಟಿನ ಒಳಜೇಬಿನಿಂದ ಉಳಿದದ್ದನ್ನು ತೆಗೆದು ನೆಲದ ಮೇಲೆ ಅವಳ ಮುಂದೆ ಇಟ್ಟ.

ಅವಳು ಆ ನೋಟುಗಳನ್ನು ಮುಟ್ಟಲಿಲ್ಲ. ಬಹಳ ಹೊತ್ತು ಅವನ ಕೋಟನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದ ಪ್ರಶ್ನೆಯನ್ನು ಅವನು ಕನಸಿನಲ್ಲೂ ನಿರೀಕ್ಷಿಸಿರಲಿಲ್ಲ. "ಎಷ್ಟಿತ್ತು?"

"ಆಂ?"

"ನಾನು ಒಂದ್ಸಲಾನೂ ಎಣಿಸಿಲ್ಲ ಅಣ್ಣ. ಎಣಿಸಿದ್ರೆ ಯಾವುದಕ್ಕಾದ್ರೂ ಸಾಕು ಅನ್ನಿಸಿಬಿಡುತ್ತೆ, ಆಮೇಲೆ ಕೈ ತಡೆಯಲ್ಲ. ಸಿಕ್ಕಿದ್ದು ಸಿಕ್ಕಿದ ಹಾಗೆ ಅಕ್ಕನ ಕೈಲಿ ಹಾಕ್ಸಿಬಿಡ್ತಿದ್ದೆ. ನೀವು ಎಣಿಸಿರ್ತೀರಲ್ಲ. ಎಷ್ಟಿತ್ತು?"

"ಹನ್ನೊಂದು ಸಾವಿರದ ನಾ... ನಾನೂರು."

ಅವಳ ಮುಖ ಒಮ್ಮೆಗೇ ಬೆಳಗಿತು. ಅವನು ಅದನ್ನು ತನ್ನ ಕಣ್ಣಿನಿಂದಲೇ ಕಂಡ. "ಅಷ್ಟಿತ್ತಾ?" ಎಂದು ಅವಳು ಹೆಂಡತಿಯ ಕಡೆ ತಿರುಗಿದಳು. "ಅಕ್ಕಾ, ಹನ್ನೊಂದು ಸಾವಿರ! ನಾನು! ನಾಲ್ಕೋ ಐದೋ ಇರ್ಬೇಕು ಅಂದ್ಕೊಂಡಿದ್ದೆ ನಾನು." ಆ ಸಂತೋಷ ಎಷ್ಟು ಹೊತ್ತು ಇತ್ತೋ, ಒಂದು ಉಸಿರಿನಷ್ಟು. ಮತ್ತೆ ಅವಳು ನೆಲದ ಮೇಲಿನ ನೋಟುಗಳನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಸದ್ದಿಲ್ಲದೆ ಅತ್ತಳು. ಹೆಂಡತಿ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. ಅವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದ. ಸತ್ತುಹೋಗಬೇಕು ಅನ್ನಿಸಲಿಲ್ಲ, ಅಷ್ಟು ದೊಡ್ಡದೇನೂ ಅನ್ನಿಸಲಿಲ್ಲ. ನಾಚಿಕೆಯಾಯಿತು, ಮೈಯೆಲ್ಲ ನಾಚಿಕೆಯಾಯಿತು.

"ನಾಳೆ ಬೆಳಿಗ್ಗೆ ಇವರು ಯಾರ್ಡಿಗೆ ಹೋಗ್ತಾರೆ" ಎಂದು ಹೆಂಡತಿ, ಅವನನ್ನು ನೋಡದೆ, ಅವಳಿಗೆ ಹೇಳಿದಳು. "ದೊಡ್ಡ ಸಾಹೇಬ್ರ ಮುಂದೆ ಇದನ್ನೇ ಹೇಳ್ತಾರೆ. ಕೆಲಸ ಯಾರದ್ದಾಗುತ್ತೋ ಗೊತ್ತಿಲ್ಲ, ಇಬ್ಬರದ್ದೂ ಹೋದ್ರೂ ಹೋಗ್ಬಹುದು. ನಿನ್ನ ದುಡ್ಡು ಮಾತ್ರ ನನ್ನ ಮೇಲೆ." ಗ್ರಾಂನ ಹೆಂಡತಿ ಮೂಗು ಒರೆಸಿಕೊಂಡು, ಸಾವಿರದ ನಾನೂರನ್ನು ಆರಿಸಿ ಮುಷ್ಟಿಯಲ್ಲಿ ಹಿಡಿದು, ಹೋಗಿ ಬರ್ತೀನಿ ಅಕ್ಕ ಎಂದಷ್ಟೇ ಹೇಳಿ ಎದ್ದಳು. ಅಣ್ಣ ಎನ್ನಲಿಲ್ಲ.

ಅವಳು ಓಣಿಯ ತಿರುವು ದಾಟುವವರೆಗೂ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಉಳಿದ ಆರು ಗಂಟುಗಳನ್ನು ಪೆಟ್ಟಿಗೆಯಿಂದ ತೆಗೆದಳು. ಎಲ್ಲಕ್ಕಿಂತ ಸಣ್ಣದನ್ನು, ಬಿಳಿ ಗುಂಡಿಯದನ್ನು, ಬೇರೆಯಾಗಿ ಇಟ್ಟಳು. ಅದು ಅವಳದು, ಇನ್ನು ಗ್ರಾಂನ ಹೆಂಡತಿಗೆ ಸೇರಬೇಕಾದದ್ದು. ಐದನ್ನು ಕೈಚೀಲಕ್ಕೆ ಹಾಕಿಕೊಂಡಳು. ಅವಳು ಬೈಯುತ್ತಾಳೆಂದು, ಅಳುತ್ತಾಳೆಂದು, ಪಾತ್ರೆ ಎತ್ತಿ ಬಿಸಾಡುತ್ತಾಳೆಂದು ಅವನು ಕಾದ. "ಈ ಪೆಟ್ಟಿಗೇಲಿ ಇನ್ನು ಯಾರದ್ದೂ ಇಟ್ಕೊಳ್ಳೋ ಹಾಗಿಲ್ಲ" ಎಂದಳು ಅಷ್ಟೇ. ಚಪ್ಪಲಿ ಮೆಟ್ಟಿ ಹೊಸಿಲಲ್ಲಿ ನಿಂತು, "ನೀವೂ ಬನ್ನಿ. ಯಾಕೆ ವಾಪಸ್ ಕೊಡ್ತಿದೀನಿ ಅಂತ ಕೇಳ್ತಾರೆ. ನೀವೇ ಹೇಳಿ" ಎಂದಳು.

ಸಂಜೆಯ ಬೆಳಕು ಇನ್ನೂ ಚೆನ್ನಾಗಿಯೇ ಇತ್ತು. ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಯಾವ ಮನೆಯ ಗಂಡಸು ಯಾವ ಹೊತ್ತಿಗೆ ಹೊರಗಿರುತ್ತಾನೆಂದು ಅವಳಿಗೆ ಬಾಯಿಪಾಠ. ನೇರವಾಗಿ ಬಸ್ ಡ್ರೈವರನ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಡ್ರೈವರನ ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲು ತೆಗೆದವಳು, ಇಬ್ಬರನ್ನೂ ನೋಡಿ ಗಾಬರಿಯಾಗುವಷ್ಟು ಖುಷಿಪಟ್ಟಳು. "ಅಯ್ಯೋ, ಅಣ್ಣಾನೂ ಬಂದಿದಾರೆ! ಬನ್ನಿ ಬನ್ನಿ, ನಮ್ಮನೆಗೆ ನೀವು ಬಂದಿದ್ದೇ ಇಲ್ಲ." ಒಣಗಿದ ಬಟ್ಟೆಗಳನ್ನು ಕುರ್ಚಿಯಿಂದ ಬಾಚಿ ತೆಗೆದು ಜಾಗ ಮಾಡಿಕೊಟ್ಟಳು. ಹೆಂಡತಿ ಕೂರಲಿಲ್ಲ. ಲೋಹದ ಗುಂಡಿಯ ಗಂಟನ್ನು ಮೇಜಿನ ಮೇಲಿಟ್ಟು ಅವನ ಕಡೆ ನೋಡಿದಳು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

"ಮೊದ್ಲು ಎಣಿಸ್ಕೊಳ್ಳಿ" ಎಂದ.

ಅವಳು ಅವನ ಮಾತಿಗೆ ಜೋರಾಗಿ ನಕ್ಕುಬಿಟ್ಟಳು. "ಒಳ್ಳೆ ಚೆನ್ನಾಗಿದೆ! ನಿಮ್ಮನೇಲಿಟ್ಟಿದ್ದನ್ನ ಯಾರಾದ್ರೂ ಎಣಿಸ್ತಾರಾ ಅಣ್ಣ?"

"ಎಣಿಸಮ್ಮ" ಎಂದ ಅವನು.